ಮುಂಗಡ ಶುಲ್ಕಕ್ಕೆ ಯಾರು ಹೊಣೆ?

ದಾವಣಗೆರೆಯ ಹಿರಿಯ ಭಕ್ತರೊಬ್ಬರಿಂದ ಕಳೆದ ತಿಂಗಳು ನಮಗೊಂದು ದೀರ್ಘ ಪತ್ರ ಬಂದಿತು. ಅವರ ಮಗನ ಸಂಸಾರ ಬಹುಕಾಲದಿಂದ ಅಮೆರಿಕೆಯ ವಾಷಿಂಗ್ಟನ್ ರಾಜ್ಯದಲ್ಲಿ ನೆಲೆಸಿದೆ. ರಾಜಧಾನಿಯಾದ ವಾಷಿಂಗ್ಟನ್ ಬೇರೆ, ಇದು ಬೇರೆ. ಇದು ಆ ದೇಶದ ವಾಯವ್ಯ ಮೂಲೆಯಲ್ಲಿ, ಸಿಯಾಟಲ್ ನಗರವಿರುವ ರಾಜ್ಯ. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳು ಪದವಿ ಕಾಲೇಜಿನ ದಾರಿ ಬಿಟ್ಟು ಕಾಸ್ಮೆಟಾಲಜಿ ಶಾಲೆಗೆ ಸೇರುವೆನೆಂದು ಹಟ ಹಿಡಿದಿದ್ದಾಳೆ. ಕೇಶ ಕತ್ತರಿಸುವುದು, ಬಣ್ಣ ಕಟ್ಟುವುದು, ಚರ್ಮದ ಮತ್ತು ಉಗುರುಗಳ ಆರೈಕೆ ಇವೆಲ್ಲ ಸೇರಿದ ವಿದ್ಯೆಗೆ ಅಲ್ಲಿ ಆ ಹೆಸರು. ಶಾಲೆಯವರು ಕಳುಹಿಸಿದ ಪರಿಚಯ ಪತ್ರದಲ್ಲಿ ತಾವು 'ಬಾಂಡೆಡ್' ಎಂದು ಬರೆದುಕೊಂಡಿದ್ದಾರೆ. ಅದನ್ನು ಓದಿದ ಅಜ್ಜನವರಿಗೆ ನಿದ್ದೆ ಹತ್ತಲಿಲ್ಲವಂತೆ. "ಬುದ್ಧಿ, ನಮ್ಮ ಹುಡುಗಿ ಇವರಿಗೆ ಎಷ್ಟು ವರ್ಷ ಜೀತ ಮಾಡಬೇಕು?" ಎಂದು ಕೇಳಿದ್ದಾರೆ.

ಅವರು ಹಾಗೆ ತಿಳಿದದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಬಾಂಡ್ ಎಂದೊಡನೆ ಛಾಪಾ ಕಾಗದ ನೆನಪಾಗುತ್ತದೆ. ಇಲ್ಲವೇ, ವೈದ್ಯ ಪದವಿ ಪಡೆದವರು ಹಳ್ಳಿಯಲ್ಲಿ ಇಷ್ಟು ಕಾಲ ಸೇವೆ ಸಲ್ಲಿಸುತ್ತೇವೆಂದು ಬರೆದುಕೊಡುವ ಮುಚ್ಚಳಿಕೆ. ಎರಡರಲ್ಲೂ ಕಟ್ಟುಬೀಳುವವರು ಕಲಿತವರೇ. ಇಲ್ಲಿ ಸಂಗತಿ ತಿರುವುಮುರುವಾಗಿದೆ. ಕಟ್ಟುಬಿದ್ದಿರುವುದು ಶಾಲೆ, ಆ ಕಟ್ಟು ಇರುವುದು ಹುಡುಗಿಯ ಹಿತಕ್ಕಾಗಿ. ಇಷ್ಟನ್ನೇ ಬರೆದು ಅವರಿಗೆ ಸಮಾಧಾನ ಹೇಳಬಹುದಾಗಿತ್ತು. ಆದರೆ ವಿಷಯವನ್ನು ವಿಚಾರಿಸುತ್ತ ಹೋದಂತೆ, ಆ ಸಮಾಧಾನ ಅರ್ಧ ಮಾತ್ರ ಎಂಬುದು ನಮಗೆ ತಿಳಿಯಿತು. ಆದಕಾರಣ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಮಕ್ಕಳು ಪರದೇಶದಲ್ಲಿರುವ ಮನೆಗಳು ನಮ್ಮ ಓದುಗರಲ್ಲಿ ಈಗ ಅನೇಕ.

ಹುಡುಗಿ ಈ ವೃತ್ತಿಯನ್ನು ಆರಿಸಿಕೊಂಡದ್ದು ಸರಿಯೇ ಎಂಬ ಇನ್ನೊಂದು ಪ್ರಶ್ನೆಯೂ ಆ ಪತ್ರದಲ್ಲಿತ್ತು. ಕೈಯಿಂದ ದುಡಿದು ಉಣ್ಣುವ ಕೆಲಸದ ಬಗೆಗೆ ಈ ಪತ್ರಿಕೆಯ ಓದುಗರಿಗೆ ನಾವು ಪ್ರತ್ಯೇಕವಾಗಿ ಹೇಳಬೇಕಾದದ್ದೇನೂ ಇಲ್ಲ. ಮುಂದೆ ಹೋಗೋಣ.

ನಾವು ಮಠದ ಪ್ರಸಾದನಿಲಯದಲ್ಲಿದ್ದುಕೊಂಡು ಓದುತ್ತಿದ್ದ ಕಾಲ, 1979ರ ಸುಮಾರು. ಆ ಊರಿನ ಪೇಟೆ ಬೀದಿಯಲ್ಲಿ ಒಂದು ಬೆರಳಚ್ಚು ಶಾಲೆ ತೆರೆಯಿತು. ಆರು ತಿಂಗಳ ಶುಲ್ಕವನ್ನು ಒಮ್ಮೆಗೇ ಕಟ್ಟಿದವರಿಗೆ ಒಂದು ತಿಂಗಳ ಶುಲ್ಕ ಮಾಫಿ ಎಂದು ಫಲಕ ಹಾಕಿದ್ದರು. ನಮ್ಮ ಕೊಠಡಿಯ ಗೆಳೆಯನೊಬ್ಬ ಮನೆಗೆ ಹೋಗಿ, ತಾಯಿ ಎಮ್ಮೆ ಕರು ಮಾರಿ ಕೊಟ್ಟ ಹಣ ತಂದು ಕಟ್ಟಿದ. ಏಳನೆಯ ವಾರ ಬೆಳಗ್ಗೆ ಹೋದಾಗ ಬಾಗಿಲಿಗೆ ಬೀಗ. ಒಳಗಿನ ಯಂತ್ರಗಳೂ ಬಾಡಿಗೆಯವೇ ಆಗಿದ್ದುವೆಂದು ಆಮೇಲೆ ತಿಳಿಯಿತು. ಅವನು ನಾಲ್ಕು ದಿನ ಅದೇ ಮೆಟ್ಟಿಲ ಮೇಲೆ ಹೋಗಿ ಕುಳಿತು ಬಂದ. ಕೇಳುವುದಾದರೂ ಯಾರನ್ನು? ಬೀಗವನ್ನು ಕೇಳಲಾದೀತೆ? ಅವನಿಗೆ ಹಣ ಬರಲಿಲ್ಲ, ವಿದ್ಯೆಯೂ ಬರಲಿಲ್ಲ. ಬಂದದ್ದು ಎಡಗೈ ಬೆರಳುಗಳ ಅರ್ಧ ಅಭ್ಯಾಸ. ಈಗಲೂ ಸಿಕ್ಕಾಗ ಮೇಜಿನ ಮೇಲೆ ಬೆರಳಾಡಿಸಿ ತೋರಿಸಿ ನಗುತ್ತಾನೆ. ಆಗ ಅವನು ನಗಲಿಲ್ಲ.

ಶುಲ್ಕ ಮೊದಲು, ಪಾಠ ಆಮೇಲೆ ಎಂಬ ಏರ್ಪಾಡು ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಈ ಬೀಗದ ಭಯವೂ ಉಂಟು. ಅಂಗಡಿಯಲ್ಲಿ ಹಣ ಕೊಟ್ಟು ಅಕ್ಕಿ ಹೊತ್ತು ತರುತ್ತೇವೆ. ವ್ಯವಹಾರ ಅಲ್ಲಿಗೆ ಮುಗಿಯಿತು. ಶಾಲೆಯಲ್ಲಾದರೋ ಹಣ ಕೊಟ್ಟ ದಿನದಿಂದ ಕೊನೆಯ ಪಾಠದವರೆಗೂ ವಿದ್ಯಾರ್ಥಿಯೇ ಶಾಲೆಗೆ ಸಾಲ ಕೊಟ್ಟವನು. ಸಾಲವೆಂದ ಮೇಲೆ ಜಾಮೀನು ಬೇಡವೇ? ಅಮೆರಿಕೆಯ ಹಲವು ರಾಜ್ಯಗಳು ಸೌಂದರ್ಯ ವಿದ್ಯೆಯ ಶಾಲೆಗಳಿಗೆ ಪರವಾನಗಿ ಕೊಡುವ ಮುನ್ನ ಕೇಳುವ 'ಶ್ಯೂರಿಟಿ ಬಾಂಡ್' ಎಂದರೆ ಇದೇ, ಜಾಮೀನು ಪತ್ರ.

ಜಾಮೀನೆಂಬುದು ನಮಗೆ ಹೊಸದಲ್ಲ. ಸಹಕಾರಿ ಸಂಘದಲ್ಲಿ ಸಾಲ ಪಡೆದವರೆಲ್ಲರೂ ಒಂದಲ್ಲ ಒಂದು ದಿನ ನೆರೆಯವನ ಸಹಿಗಾಗಿ ಅಲೆದವರೇ. 1872ರ ಭಾರತೀಯ ಕರಾರು ಕಾಯಿದೆಯ 126ನೆಯ ಕಲಮು ಜಾಮೀನುದಾರ, ಮೂಲ ಸಾಲಗಾರ, ಸಾಲ ಕೊಟ್ಟವ ಎಂಬ ಮೂವರನ್ನು ಹೆಸರಿಸುತ್ತದೆ. ಇನ್ನೂ ಹಿಂದೆ ಹೋದರೆ, ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದನಷ್ಟೆ. ಅವನು ವ್ಯಾಖ್ಯಾನ ಮಾಡಿದ ಯಾಜ್ಞವಲ್ಕ್ಯ ಸ್ಮೃತಿಯು ಪ್ರತಿಭೂ, ಎಂದರೆ ಜಾಮೀನುದಾರ, ಮೂರು ವಿಧವೆನ್ನುತ್ತದೆ. ಕರೆದಾಗ ಇವನನ್ನು ತಂದು ನಿಲ್ಲಿಸುತ್ತೇನೆ ಎನ್ನುವವನು ದರ್ಶನ ಪ್ರತಿಭೂ. ಇವನು ಮೋಸಗಾರನಲ್ಲ, ನಂಬಿ ಕೊಡಿ ಎನ್ನುವವನು ಪ್ರತ್ಯಯ ಪ್ರತಿಭೂ. ಇವನು ಕೊಡದಿದ್ದರೆ ನಾನೇ ಕೊಡುತ್ತೇನೆ ಎನ್ನುವವನು ದಾನ ಪ್ರತಿಭೂ. ಸಾಲಗಾರನ ಪರವಾಗಿ ಜಾಮೀನುದಾರನು ಎಲ್ಲರೆದುರು ಹಣ ತೆತ್ತರೆ, ಸಾಲಗಾರನು ಅದರ ಎರಡರಷ್ಟನ್ನು ಅವನಿಗೆ ಹಿಂದಿರುಗಿಸಬೇಕೆಂಬ ಮಾತೂ ಅಲ್ಲಿದೆ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ.

ಅಮೆರಿಕೆಯ ಏರ್ಪಾಡಿನಲ್ಲಿಯೂ ಮೂವರೇ. ಶಾಲೆ ಒಂದು ಕಡೆ. ವಿದ್ಯಾರ್ಥಿಗಳ ಪರವಾಗಿ ಪತ್ರವನ್ನು ಬರೆಸಿಕೊಳ್ಳುವ ರಾಜ್ಯ ಸರ್ಕಾರ ಇನ್ನೊಂದು ಕಡೆ. ನಡುವೆ ಜಾಮೀನು ನಿಲ್ಲುವ ಕಂಪನಿ. ಶಾಲೆಯವರು ಪ್ರತಿವರ್ಷ ಆ ಕಂಪನಿಗೆ ಒಂದು ಮೊತ್ತ ಕಟ್ಟುತ್ತಾರೆ. ಹಣಕಾಸು ಚೆನ್ನಾಗಿರುವ ಶಾಲೆಗೆ ಅದು ಸಾಮಾನ್ಯವಾಗಿ ಜಾಮೀನು ಮೊತ್ತದ ನೂರಕ್ಕೆ ಒಂದರಿಂದ ಮೂರರಷ್ಟು. ಸಾಲ ತೀರಿಸುವ ನಡತೆ ಕೆಟ್ಟಿದ್ದರೆ ಹೆಚ್ಚು. ತೀರ ಕೆಟ್ಟಿದ್ದರೆ ಕಂಪನಿ ಜಾಮೀನನ್ನೇ ಕೊಡುವುದಿಲ್ಲ. ಶಾಲೆ ನಡುವೆಯೇ ಮುಚ್ಚಿ ಶುಲ್ಕ ಹಿಂದಿರುಗಿಸದಿದ್ದರೆ, ವಿದ್ಯಾರ್ಥಿಗಳು ತಮ್ಮ ಬೇಡಿಕೆ ಸಲ್ಲಿಸಬೇಕು. ಕಂಪನಿ ಪರಿಶೀಲಿಸಿ, ಪತ್ರದಲ್ಲಿ ನಮೂದಿಸಿದ ಮೊತ್ತದ ಮಿತಿಯೊಳಗೆ ಕೊಡಬೇಕು.

ಅನೇಕರು ಇದನ್ನು ವಿಮೆ ಎಂದು ತಿಳಿಯುತ್ತಾರೆ. ವಿಮೆಯಲ್ಲ. ವಿಮೆಯಲ್ಲಿ ನಷ್ಟವನ್ನು ಹೊರುವುದು ವಿಮಾ ಕಂಪನಿ. ಜಾಮೀನಿನಲ್ಲಾದರೋ ಕಂಪನಿ ತಾನು ಕೊಟ್ಟದ್ದನ್ನೆಲ್ಲ ಶಾಲೆಯ ಒಡೆಯರಿಂದ ವಸೂಲು ಮಾಡುವ ಹಕ್ಕನ್ನು ಮೊದಲೇ ಬರೆಸಿಕೊಂಡಿರುತ್ತದೆ. ಒಡೆಯರ ಸ್ವಂತ ಆಸ್ತಿಯನ್ನೂ ಎಷ್ಟೋ ಸಲ ಅದರಲ್ಲಿ ಸೇರಿಸಿರುತ್ತದೆ. ಯಾಜ್ಞವಲ್ಕ್ಯನು ಹೇಳಿದಂತೆ ಎರಡರಷ್ಟಲ್ಲ, ಅಷ್ಟೇ ವ್ಯತ್ಯಾಸ. ಈ ಕಾರಣದಿಂದ ಜಾಮೀನು ಪತ್ರಕ್ಕೆ ಎರಡು ಗುಣ ಬರುತ್ತವೆ. ಸಾಲದಲ್ಲಿ ಮುಳುಗಿದವನು ಶಾಲೆ ತೆರೆಯಲು ಹೊರಟರೆ ಸರ್ಕಾರದ ಅಧಿಕಾರಿಗಿಂತ ಮೊದಲು ಕಂಪನಿಯ ಗುಮಾಸ್ತನೇ ಅವನ ಲೆಕ್ಕಪತ್ರ ನೋಡಿ ಬೇಡವೆನ್ನುತ್ತಾನೆ. ಮುಚ್ಚಿಕೊಂಡು ಓಡಿದರೂ ಬೆನ್ನು ಹತ್ತುವವನೊಬ್ಬ ಇದ್ದಾನೆಂಬ ಅಂಜಿಕೆ ಒಡೆಯನಿಗಿರುತ್ತದೆ. ನಮ್ಮ ದೃಷ್ಟಿಯಲ್ಲಿ ಇದರ ಹೆಚ್ಚಿನ ಬಲವಿರುವುದು ಶಾಲೆ ಮುಚ್ಚಿದ ಮೇಲೆ ಕೊಡುವ ಹಣದಲ್ಲಲ್ಲ. ಮುಚ್ಚುವಂಥ ಶಾಲೆಯನ್ನು ತೆರೆಯಗೊಡದಿರುವುದರಲ್ಲಿ.

ಏಕೆಂದರೆ ಹಣದ ಲೆಕ್ಕ ಮಾಡಿ ನೋಡಿದರೆ ಅದು ಬಹಳ ಚಿಕ್ಕದು. ನಮ್ಮ ಭಕ್ತರ ಮೊಮ್ಮಗಳಿರುವ ವಾಷಿಂಗ್ಟನ್ ರಾಜ್ಯದ ಕಾನೂನನ್ನೇ ನೋಡೋಣ. ಅಲ್ಲಿ ಇಂಥ ಶಾಲೆ ಕೊಡಬೇಕಾದ ಜಾಮೀನು 10,000 ಡಾಲರ್, ಅಥವಾ ವರ್ಷದಲ್ಲಿ ಸಂಗ್ರಹಿಸುವ ಒಟ್ಟು ಬೋಧನಾ ಶುಲ್ಕದ ಹತ್ತನೆಯ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಆದರೆ 50,000 ಡಾಲರನ್ನು ಅದು ಮೀರುವಂತಿಲ್ಲ. ಮುಂಗಡವಾಗಿ ಕಟ್ಟಿಸಿಕೊಂಡು, ಪಾಠ ಹೇಳದೆ ಉಳಿದ ಅವಧಿಯ ಶುಲ್ಕದ ರಕ್ಷಣೆಗೆ ಇದು ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

ಉದಾಹರಣೆಗಾಗಿ ನಾವೇ ಒಂದು ಲೆಕ್ಕ ಹಾಕಿದೆವು. ವರ್ಷಕ್ಕೆ ನಾಲ್ಕು ಲಕ್ಷ ಡಾಲರ್ ಶುಲ್ಕ ಸಂಗ್ರಹಿಸುವ ಶಾಲೆಯ ಜಾಮೀನು 40,000 ಡಾಲರ್. ಅದು ಮುಚ್ಚಿದ ದಿನ ಮೂವತ್ತು ಮಂದಿ ವಿದ್ಯಾರ್ಥಿಗಳಿದ್ದು, ಒಬ್ಬೊಬ್ಬರಿಗೆ 4,000 ಡಾಲರಿನಷ್ಟು ಪಾಠ ಬಾಕಿಯಿದ್ದರೆ ಒಟ್ಟು ಬಾಕಿ 1,20,000. ಇರುವ ಹಣವನ್ನು ಸಮನಾಗಿ ಹಂಚಿದರೆ ತಲೆಗೆ 1,333 ಡಾಲರ್. ಮೂರರಲ್ಲಿ ಒಂದು ಪಾಲು. ಶಾಲೆ ಇನ್ನೂ ದೊಡ್ಡದಾಗಿ ಹತ್ತು ಲಕ್ಷ ಸಂಗ್ರಹಿಸುತ್ತಿದ್ದರೆ? ಜಾಮೀನು ಐವತ್ತು ಸಾವಿರಕ್ಕೇ ನಿಂತಿರುತ್ತದೆ; ಪಾಲು ಮತ್ತೂ ಕಿರಿದಾಗುತ್ತದೆ. ಅಂದರೆ 'ಬಾಂಡೆಡ್' ಎಂಬ ಒಂದು ಮಾತು ಚಿಕ್ಕ ಶಾಲೆಯಲ್ಲಿ ಒಂದು ಬೆಲೆ, ದೊಡ್ಡ ಶಾಲೆಯಲ್ಲಿ ಇನ್ನೊಂದು ಬೆಲೆ. ದೊಡ್ಡ ಶಾಲೆಯಾದರೆ ಹೆಚ್ಚು ಭದ್ರವೆಂದು ನಾವು ಸಹಜವಾಗಿ ತಿಳಿಯುತ್ತೇವಲ್ಲವೇ?

ದೊಡ್ಡ ಶಾಲೆಗಳು ಮುಚ್ಚುವುದಿಲ್ಲವೆಂದು ಯಾರಾದರೂ ಹೇಳಿದರೆ 2016ನೆಯ ವರ್ಷವನ್ನು ನೋಡಬೇಕು. ಮರಿನೆಲ್ಲೊ ಎಂಬ ಹೆಸರಾಂತ ಸೌಂದರ್ಯ ಶಾಲೆಗಳ ಸಮೂಹಕ್ಕೆ ಕ್ಯಾಲಿಫೋರ್ನಿಯಾ, ನೆವಾಡಾ ಮೊದಲಾದ ರಾಜ್ಯಗಳಲ್ಲಿ 56 ಶಾಖೆಗಳಿದ್ದುವು. ವಿದ್ಯಾರ್ಥಿಗಳ ಪ್ರೌಢಶಾಲಾ ಪ್ರಮಾಣಪತ್ರಗಳ ವಿಷಯದಲ್ಲಿಯೂ ಸರ್ಕಾರಿ ನೆರವಿನ ವಿಷಯದಲ್ಲಿಯೂ ಅಕ್ರಮ ಕಂಡುಬಂದಿದೆಯೆಂದು ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಅವುಗಳಲ್ಲಿ 23 ಶಾಖೆಗಳಿಗೆ ನೆರವನ್ನು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಎಲ್ಲ ಶಾಖೆಗಳೂ ಮುಚ್ಚಿದುವು. ಸುಮಾರು 4,300 ವಿದ್ಯಾರ್ಥಿಗಳು ಬೀದಿಯಲ್ಲಿ ನಿಂತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರೀಜೆನ್ಸಿ ಎಂಬ ಇನ್ನೊಂದು ಸಮೂಹವು ಇಪ್ಪತ್ತು ರಾಜ್ಯಗಳಲ್ಲಿದ್ದ ತನ್ನ 79 ಶಾಲೆಗಳನ್ನು ಒಂದೇ ಏಟಿಗೆ ಮುಚ್ಚಿತು. ಬೆರಳಚ್ಚು ಶಾಲೆಯ ಮೆಟ್ಟಿಲ ಮೇಲೆ ಕುಳಿತ ನಮ್ಮ ಗೆಳೆಯನಂಥವರು ಆ ವರ್ಷ ಆ ದೇಶದಲ್ಲಿ ಸಾವಿರಗಟ್ಟಲೆ ಇದ್ದರು.

ಮರಿನೆಲ್ಲೊ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ನೋಯಿಸಿದ್ದು ಮುಚ್ಚಿದ ಸಂಗತಿಯಲ್ಲ, ಮುಚ್ಚುವ ಮುಂಚಿನ ಸಂಗತಿ. ಶಿಕ್ಷಣ ಇಲಾಖೆ ಮುಂದೆ ಕಂಡುಕೊಂಡ ಪ್ರಕಾರ, ಕೇಶ ಕತ್ತರಿಸುವಂಥ ಮೂಲ ಪಾಠವನ್ನೇ ಅಲ್ಲಿ ಸರಿಯಾಗಿ ಕಲಿಸಿರಲಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಬೋಧಕರಿಲ್ಲದೆ ವಿದ್ಯಾರ್ಥಿಗಳನ್ನು ಕೂರಿಸಿದ್ದರು. 2022ರಲ್ಲಿ, ಮುಚ್ಚಿದ ಆರು ವರ್ಷಗಳ ಮೇಲೆ, ಅಲ್ಲಿ 2009ರಿಂದ ಓದಿದ ಸುಮಾರು 28,000 ಮಂದಿಯ 23 ಕೋಟಿ 80 ಲಕ್ಷ ಡಾಲರ್ ಸಾಲವನ್ನು ಸರ್ಕಾರ ಮನ್ನಾ ಮಾಡಿತು. ಸಾಲ ತೀರಿತು, ಸರಿ. ಇಪ್ಪತ್ತರ ಹರೆಯದಲ್ಲಿ ಸೇರಿದವಳಿಗೆ ಆ ವೇಳೆಗೆ ಮೂವತ್ತು ದಾಟಿರಬೇಕು. ಕಲಿಸದ ಪಾಠವನ್ನು ಯಾವ ಜಾಮೀನು ಪತ್ರ ಕಲಿಸೀತು? ಕುರ್ಚಿಯಲ್ಲಿ ಸುಮ್ಮನೆ ಕೂರಿಸಿದ ಗಂಟೆಗೂ ಶಾಲೆಯ ಪುಸ್ತಕದಲ್ಲಿ ಪಾಠವಾಯಿತೆಂದೇ ಬರೆದಿರುತ್ತದೆ. ಪಾಠವಾಗದೆ ಉಳಿದ ಶುಲ್ಕಕ್ಕೆ ಮಾತ್ರ ಜಾಮೀನೆಂದ ಮೇಲೆ, ಕೆಟ್ಟ ಪಾಠಕ್ಕೆ ಅದು ಉತ್ತರ ಹೇಳಬೇಕಾಗಿಲ್ಲ.

ಈ ಗಂಟೆಗಳ ವಿಷಯವನ್ನು ಸ್ವಲ್ಪ ವಿವರಿಸಬೇಕು. ಅಲ್ಲಿ ಈ ವೃತ್ತಿಗೆ ರಾಜ್ಯದ ಪರವಾನಗಿ ಬೇಕು; ಪರವಾನಗಿಗೆ ಪರೀಕ್ಷೆಯೊಂದೇ ಸಾಲದು, ಇಷ್ಟು ಗಂಟೆ ಕಲಿತ ದಾಖಲೆ ಬೇಕು. ವಾಷಿಂಗ್ಟನ್ನಿನಲ್ಲಿ 1,600 ಗಂಟೆ. ನ್ಯೂಯಾರ್ಕಿನಲ್ಲಿ 1,000. ಕ್ಯಾಲಿಫೋರ್ನಿಯಾದಲ್ಲಿ 1,600 ಇದ್ದದ್ದು 2022ರಿಂದ 1,000ಕ್ಕೆ ಇಳಿದಿದೆ. ಟೆಕ್ಸಾಸಿನಲ್ಲಿ ಒಮ್ಮೆ, ನಮ್ಮ ಊರೂರುಗಳಲ್ಲಿ ಹೆಣ್ಣುಮಕ್ಕಳು ದಾರದಿಂದ ಹುಬ್ಬು ತೀಡುತ್ತಾರಲ್ಲ, ಆ ಕೆಲಸಕ್ಕೂ 750 ಗಂಟೆಗಳ ತರಬೇತಿ ಬೇಕೆಂದು ಹಟ ಮಾಡಿದ್ದರು. ಅದರಲ್ಲಿ ಸುಮಾರು 320 ಗಂಟೆಗಳಿಗೆ ದಾರದ ಕೆಲಸದೊಡನೆ ಸಂಬಂಧವೇ ಇರಲಿಲ್ಲ. 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಆ ನಿಯಮ ನಿಲ್ಲದೆಂದು ತೀರ್ಪಿತ್ತಿತು. ಇದನ್ನು ಹೇಳಿದ ಉದ್ದೇಶವಿಷ್ಟೆ: ಅಲ್ಲಿನ ವಿದ್ಯಾರ್ಥಿನಿಗೆ ಶಾಲೆಯಲ್ಲಿ ಕೂಡಿಬೀಳುವ ನಿಜವಾದ ಆಸ್ತಿ ಗಂಟೆಗಳ ದಾಖಲೆ. ಶಾಲೆ ಬೀಗ ಹಾಕಿದಾಗ ಆ ದಾಖಲೆ ಒಳಗೆ ಉಳಿದರೆ, ಹಣದ ನಷ್ಟಕ್ಕಿಂತ ಅದು ಮಿಗಿಲಾದ ನಷ್ಟ. ಇನ್ನೊಂದು ಶಾಲೆಗೆ ಹೋಗಿ "ನಾನು 900 ಗಂಟೆ ಮುಗಿಸಿದ್ದೇನೆ" ಎಂದರೆ ಬಾಯಿಮಾತನ್ನು ಯಾರು ನಂಬುತ್ತಾರೆ?

ಎಲ್ಲ ರಾಜ್ಯಗಳೂ ಜಾಮೀನು ಪತ್ರವನ್ನೇ ನೆಚ್ಚಿಕೊಂಡಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಶಾಲೆಗಳ ವಿದ್ಯಾರ್ಥಿಗಳಿಗಾಗಿ ಶುಲ್ಕ ಮರುಪಾವತಿಯ ಒಂದು ಸಾಮಾನ್ಯ ನಿಧಿಯಿದೆ. ಮೇರಿಲ್ಯಾಂಡ್, ನ್ಯೂಯಾರ್ಕ್ ರಾಜ್ಯಗಳಲ್ಲಿಯೂ ಇಂಥ ನಿಧಿಗಳುಂಟು. ಹಲವು ಶಾಲೆಗಳ ಹಣ ಒಂದೆಡೆ ಕೂಡುವುದರಿಂದ, ಒಂದು ಶಾಲೆ ಮುಳುಗಿದರೆ ಉಳಿದವುಗಳ ಹಣ ಅದನ್ನು ಎತ್ತುತ್ತದೆ. ನಮಗೆ ಇದೇ ಹೆಚ್ಚು ನ್ಯಾಯವೆಂದು ತೋರುತ್ತದೆ. ಜಾಮೀನು ಮೊತ್ತಕ್ಕೆ ಮೇಲ್ಮಿತಿ ಹಾಕಿ, ದೊಡ್ಡ ಶಾಲೆಗಳಿಗೆ ಅನುಕೂಲ ಮಾಡಿಕೊಟ್ಟದ್ದು ಏಕೆಂಬುದು ಮಾತ್ರ ನಮಗೆ ಅರ್ಥವಾಗಲಿಲ್ಲ.

ಇನ್ನು ಕೇಂದ್ರ ಸರ್ಕಾರದ ಸಾಲ ಪಡೆದು ಓದುವವರ ಮಾತು. ಶಾಲೆ ಮುಚ್ಚಿದಾಗ ಅಲ್ಲಿ ಓದುತ್ತಿದ್ದವರಿಗೆ ಆ ಸಾಲವನ್ನು ರದ್ದು ಮಾಡಿಸಿಕೊಳ್ಳುವ ಹಕ್ಕು ಆ ದೇಶದಲ್ಲಿದೆ. ಅದರಲ್ಲಿಯೂ ಒಂದು ತೊಡಕು: ತನ್ನ ಗಂಟೆಗಳನ್ನು ಬೇರೆ ಶಾಲೆಗೆ ಒಯ್ದು ಅದೇ ವಿದ್ಯೆಯನ್ನು ಮುಗಿಸಿದವರಿಗೆ ಸಾಮಾನ್ಯವಾಗಿ ಆ ಹಕ್ಕು ಉಳಿಯುವುದಿಲ್ಲ. ಆದಕಾರಣ ಗಾಬರಿಯಲ್ಲಿ ಮೊದಲು ಸಿಕ್ಕಿದ ಕಾಗದಕ್ಕೆ ಸಹಿ ಹಾಕದೆ, ಎರಡನ್ನೂ ತೂಗಿ ನೋಡಬೇಕು. 200 ಗಂಟೆ ಕಳೆದವಳಿಗೆ ಸಾಲ ರದ್ದು ಲೇಸು. 1,400 ಕಳೆದವಳಿಗೆ ಮುಗಿಸುವುದೇ ಲೇಸು ಎಂದು ನಮಗನಿಸುತ್ತದೆ. ಸರ್ಕಾರದ ಸಾಲ ದೊರೆಯದ ಚಿಕ್ಕ ಶಾಲೆಗಳೂ ಅನೇಕವಿವೆ. ಅಲ್ಲಿ ಹಣ ಕೈಯಿಂದಲೇ ಹೋಗುತ್ತದೆ. ಅಂಥ ಶಾಲೆಯ ವಿದ್ಯಾರ್ಥಿಗೆ ಜಾಮೀನು ಪತ್ರವೊಂದೇ ಆಸರೆ. ದಾವಣಗೆರೆಯ ಭಕ್ತರ ಮೊಮ್ಮಗಳು ಸೇರಬೇಕೆಂದಿರುವುದು ಅಂಥದ್ದೇ ಒಂದು ಶಾಲೆ. ತಂದೆ ಉಳಿತಾಯದ ಹಣದಿಂದ ಶುಲ್ಕ ಕಟ್ಟುವವರಿದ್ದರು. ಅದನ್ನೂ, ರಿಯಾಯಿತಿ ಸಿಗುವುದೆಂದು, ಅರ್ಧದಷ್ಟನ್ನು ಮೊದಲ ದಿನವೇ!

ಆ ರಿಯಾಯಿತಿಯ ಮಾತನ್ನು ಪತ್ರದಲ್ಲಿ ಓದಿದಾಗ ನಮ್ಮ ಕಣ್ಣಮುಂದೆ ಪೇಟೆ ಬೀದಿಯ ಫಲಕ ಬಂದು ನಿಂತಿತು. ಅವರಿಗೆ ನಾವು ಬರೆದ ಉತ್ತರದಲ್ಲಿ ಒಂದು ಲೆಕ್ಕವನ್ನೂ ಸೇರಿಸಿದೆವು. 1,600 ಗಂಟೆಗೆ 16,000 ಡಾಲರ್ ಶುಲ್ಕವೆಂದು ಇಟ್ಟುಕೊಳ್ಳಿ. ಗಂಟೆಗೆ ಹತ್ತು ಡಾಲರ್. ಮೊದಲ ದಿನ 8,000 ಕಟ್ಟಿ, 500 ಗಂಟೆ ಮುಗಿದಾಗ ಶಾಲೆ ಮುಚ್ಚಿದರೆ, ಪಾಠವಾದದ್ದು 5,000 ಡಾಲರಿನದು, ಅತಂತ್ರವಾದದ್ದು 3,000. ಆ ಮೂರು ಸಾವಿರಕ್ಕಾಗಿ ಅರ್ಜಿ, ಅವಧಿಯ ಗಡುವು, ಪರಿಶೀಲನೆ, ಕೊನೆಗೆ ಪಾಲು. ಅದೇ ಶುಲ್ಕವನ್ನು ತಿಂಗಳು ತಿಂಗಳು ಕಟ್ಟುತ್ತ ಬಂದಿದ್ದರೆ ಅತಂತ್ರವಾಗುವುದು ಹೆಚ್ಚೆಂದರೆ ಒಂದು ತಿಂಗಳ ಹಣ. ಶಾಲೆಯವರು ಕೊಡುವ ರಿಯಾಯಿತಿ, ಆ ಗಂಡಾಂತರವನ್ನು ನಮ್ಮ ತಲೆಗೆ ಕಟ್ಟುವುದಕ್ಕೆ ಅವರು ತೆರುವ ಬೆಲೆ.

ಜಾಮೀನು ಪತ್ರ ಈಗಲೂ ಜಾರಿಯಲ್ಲಿದೆಯೇ ಎಂಬುದನ್ನು ಶಾಲೆಯವರನ್ನಲ್ಲ, ಆ ರಾಜ್ಯದ ಪರವಾನಗಿ ಇಲಾಖೆಯನ್ನೇ ಕೇಳಬೇಕೆಂದೂ ಬರೆದೆವು. ಶಾಲೆ ವರ್ಷದ ಕಂತನ್ನು ಕಟ್ಟದಿದ್ದರೆ ಕಂಪನಿಯು ಸರ್ಕಾರಕ್ಕೆ ಸೂಚನೆ ಕೊಟ್ಟು ಜಾಮೀನನ್ನು ಹಿಂತೆಗೆದುಕೊಳ್ಳುವುದುಂಟು. ಗೋಡೆಯ ಮೇಲಿನ ಚೌಕಟ್ಟಿನ ಪತ್ರ ಮಾತ್ರ ಗೋಡೆಯ ಮೇಲೆಯೇ ಇರುತ್ತದೆ. ಒಪ್ಪಂದ ಪತ್ರ, ಹಣ ಕಟ್ಟಿದ ರಸೀದಿ, ಪ್ರತಿ ತಿಂಗಳ ಗಂಟೆಗಳ ಪಟ್ಟಿ ಇವುಗಳ ಪ್ರತಿ ಹುಡುಗಿಯ ಮನೆಯಲ್ಲಿರಬೇಕು. ಕತ್ತರಿ, ಬಾಚಣಿಗೆಗಳ ಪೆಟ್ಟಿಗೆಯ ಬೆಲೆ, ನೋಂದಣಿ ಶುಲ್ಕ ಇವು ಹಿಂದಿರುಗುವ ಹಣದಲ್ಲಿ ಸೇರುತ್ತವೆಯೋ ಇಲ್ಲವೋ ಎಂಬುದನ್ನು ಸಹಿಗೆ ಮುನ್ನವೇ ಓದಿಕೊಳ್ಳಬೇಕು. ಇವಿಷ್ಟೇ, ಹೆಚ್ಚಿನದೇನೂ ನಾವು ಹೇಳಲಿಲ್ಲ. ಸೇರಬೇಡವೆಂದಂತೂ ಹೇಳಲಿಲ್ಲ.

ಮೊನ್ನೆ ಅಜ್ಜನವರ ಎರಡನೆಯ ಪತ್ರ ಬಂದಿತು. ಮಗ ಇಲಾಖೆಗೆ ಬರೆದು ವಿಚಾರಿಸಿದರಂತೆ, ಜಾಮೀನು ಜಾರಿಯಲ್ಲಿದೆ. ರಿಯಾಯಿತಿ ಬೇಡ, ತಿಂಗಳ ಕಂತಿನಲ್ಲಿ ಕಟ್ಟುತ್ತೇವೆಂದಾಗ ಶಾಲೆಯವರು ಮೊದಲು ಮುಖ ಸಿಂಡರಿಸಿ, ಆಮೇಲೆ ಒಪ್ಪಿದರಂತೆ. ಹುಡುಗಿ ಸೇರಿದ್ದಾಳೆ. ಪ್ರತಿ ಭಾನುವಾರ ತಾತನಿಗೆ ಫೋನು ಮಾಡಿ ಆ ವಾರದ ಗಂಟೆಗಳನ್ನು ಒಪ್ಪಿಸುತ್ತಾಳೆ. ಇವರು ಅದನ್ನು ತಮ್ಮ ಹಳೆಯ ಕಿರ್ದಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಪತ್ರ ಬರೆದ ದಿನಕ್ಕೆ 74 ಆಗಿತ್ತು.